ಆಯುಷ್ಮಾನ್ ಕಾರ್ಡ್ ಇದ್ದರೂ ಅಡ್ವಾನ್ಸ್ ಕೇಳಿದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿ. ಅಪ್ಪನಿಗೆ 61 ವರ್ಷ, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಎರಡು ತಿಂಗಳಿಂದ ಏರು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಖಾಸಗಿ ಡಾಕ್ಟರು ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿ, ಆಂಜಿಯೋಗ್ರಾಂ (ಹೃದಯದ ರಕ್ತನಾಳದಲ್ಲಿ ಎಲ್ಲಿ ಅಡ್ಡಿ ಇದೆ ಅಂತ ನೋಡುವ ಪರೀಕ್ಷೆ) ಮಾಡಬೇಕು, ಸ್ಟೆಂಟ್ (ಆ ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಬೇಕಾಗಬಹುದು ಅಂದರು. ನಮ್ಮದು ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡನ್ನೂ ಮಾಡಿಸಿದ್ದೇವೆ. ಆದರೆ ಆಸ್ಪತ್ರೆಯಲ್ಲಿ "ಸರ್ಕಾರಿ ಆಸ್ಪತ್ರೆ ಚೀಟಿ ಇಲ್ಲದೆ ಕಾರ್ಡ್ ನಡೆಯಲ್ಲ, ಅಡ್ವಾನ್ಸ್ ಕಟ್ಟಿ ಅಡ್ಮಿಟ್ ಮಾಡಿ" ಅಂತಾರೆ. ಈ ಕಾರ್ಡ್ ಬರೀ ತೋರಿಕೆಗೆ ಅಂತ ನಮ್ಮ ಮಾವ ಹೇಳುತ್ತಾರೆ. ಅತ್ತಿಗೆಯ ಹೆಸರು ಕಾರ್ಡಿನಲ್ಲಿ ಇಲ್ಲ. ನಾನು ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ, ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಹಿಡಿಯುತ್ತಾರೆ, ಇನ್ನೂ ಮದುವೆ ಆಗಿಲ್ಲ. ಈಗ ಖಾಸಗಿ ಇನ್ಶೂರೆನ್ಸ್ ಮಾಡಿಸಿದರೆ ಉಪಯೋಗ ಆಗುತ್ತಾ?

ಉತ್ತರ: ಅಡ್ವಾನ್ಸ್ ಕಟ್ಟಬೇಡಿ. ಮೊದಲು ಚೀಟಿ ತನ್ನಿ. ಒಂದು ದಿನದ ಓಡಾಟ, ಅಷ್ಟೇ.

ಅದಕ್ಕೂ ಮುಂಚೆ ಒಂದು ಮಾತು. ಅಪ್ಪನಿಗೆ ಸುಮ್ನೆ ಕೂತಾಗಲೂ ಎದೆನೋವು ಬಂದರೆ, ಬೆವರು ಕಿತ್ತುಬಂದರೆ, ನೋವು ಎಡಗೈಗೋ ದವಡೆಗೋ ಹರಿದರೆ, ಹದಿನೈದು ಇಪ್ಪತ್ತು ನಿಮಿಷವಾದರೂ ಬಿಡದಿದ್ದರೆ, ಆಗ ಚೀಟಿ, ಕಾರ್ಡ್ ಯಾವುದನ್ನೂ ಯೋಚಿಸಬೇಡಿ. 108ಕ್ಕೆ ಫೋನ್ ಮಾಡಿ. ಹೃದಯಾಘಾತ ತುರ್ತು ಚಿಕಿತ್ಸೆಯ ಪಟ್ಟಿಯಲ್ಲಿದೆ. ತುರ್ತು ಅಂದಾಗ ಆಯುಷ್ಮಾನ್ ಯೋಜನೆಯಲ್ಲಿ ನೋಂದಾಯಿಸಿಕೊಂಡ ಯಾವ ಆಸ್ಪತ್ರೆಗಾದರೂ ನೇರವಾಗಿ ಹೋಗಬಹುದು. ಅಲ್ಲಿ ಚಿಕಿತ್ಸೆ ಮೊದಲು, ಕಾಗದ ಆಮೇಲೆ. ಹತ್ತಿರದ ತಾಲೂಕು ಆಸ್ಪತ್ರೆಗೆ ಹೋದರೂ ಸಮಯ ವ್ಯರ್ಥವಾಯಿತು ಅಂದುಕೊಳ್ಳಬೇಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡಾಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳಿಸುತ್ತಾರೆ. ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಗತ್ಯ ಕಂಡರೆ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಆ ಒಂದು ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದರೆ ಉಳಿಯುತ್ತಿದ್ದ ಜೀವಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀವು ಬರೆದಿರುವುದನ್ನು ನೋಡಿದರೆ ಅಪ್ಪನದು ಸದ್ಯಕ್ಕೆ ಆ ಹಂತದಲ್ಲಿಲ್ಲ. ಹಾಗಂತ ತಿಂಗಳುಗಟ್ಟಲೆ ತಳ್ಳುವ ಹಾಗೂ ಇಲ್ಲ. ಕಾಗದಪತ್ರ ಸರಿಮಾಡಿಕೊಳ್ಳುವಷ್ಟು ಸಮಯ ಮಾತ್ರ ಇದೆ.

ಈಗ ಚೀಟಿಯ ವಿಷಯ. ಆಸ್ಪತ್ರೆಯವರು ಹೇಳಿದ ಮಾತಿನಲ್ಲಿ ಅರ್ಧ ಸರಿ. ನಮ್ಮ ರಾಜ್ಯದಲ್ಲಿ ಈ ಯೋಜನೆಯ ಬಾಗಿಲು ಇರುವುದು ಸರ್ಕಾರಿ ಆಸ್ಪತ್ರೆಯಲ್ಲಿ. ಕೇಂದ್ರದ ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ ಶುರುವಾದದ್ದು 2018ರ ಸೆಪ್ಟೆಂಬರ್ 23ರಂದು, ರಾಂಚಿಯಲ್ಲಿ. ಅಷ್ಟೊತ್ತಿಗೆ ಕರ್ನಾಟಕದಲ್ಲಿ ಆರೋಗ್ಯ ಕರ್ನಾಟಕ ಅನ್ನೋ ಯೋಜನೆ ಆಗಲೇ ನಡೆಯುತ್ತಿತ್ತು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಎರಡನ್ನೂ ಕೂಡಿಸಿದರು. ಹಾಗೆ ಕೂಡಿಸಿದಾಗ ಆರೋಗ್ಯ ಕರ್ನಾಟಕದ ಒಂದು ನಿಯಮ ಉಳಿಯಿತು. ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗುವಂತಿದ್ದರೆ ಅಲ್ಲೇ ಮಾಡಿಸಬೇಕು. ಅಲ್ಲಿ ಆಗದ್ದಾದರೆ ಅಲ್ಲಿನ ಡಾಕ್ಟರು ಬರೆದುಕೊಡುವ ರೆಫರಲ್ ಚೀಟಿ ಹಿಡಿದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತಿಗೆ ಮಾತ್ರ ಇದು ಬೇಡ. ಹೊರಗಿನವರಿಗೆ ಇದೊಂದು ಸುಮ್ಮನೆ ಅಲೆದಾಟ ಅನ್ನಿಸುತ್ತದೆ. ಚೀಟಿಗೋಸ್ಕರ ಜನ ಬಸ್ಸಿನಲ್ಲಿ ಎರಡೆರಡು ಸಲ ಓಡಾಡುವುದು ನೋಡಿದಾಗ ನನಗೂ ಸಂಕಟ ಆಗುತ್ತದೆ. ಆದರೂ ಆ ನಿಯಮಕ್ಕೆ ಅರ್ಥ ಇಲ್ಲದೆ ಇಲ್ಲ. ಹರ್ನಿಯಾ, ಅಪೆಂಡಿಕ್ಸ್‌ನಂಥ ಆಪರೇಷನ್ನಿನ ದುಡ್ಡೆಲ್ಲ ಖಾಸಗಿಗೆ ಹರಿದುಹೋದರೆ ತಾಲೂಕು ಆಸ್ಪತ್ರೆಯ ಆಪರೇಷನ್ ಥಿಯೇಟರ್ ಬೀಗ ಹಾಕಿಕೊಂಡು ಕೂರುತ್ತದೆ. ಸರ್ಕಾರಿ ಆಸ್ಪತ್ರೆ ಮಾಡಿದ ಚಿಕಿತ್ಸೆಗೂ ಯೋಜನೆಯಿಂದ ದುಡ್ಡು ಬರುತ್ತದೆ. ಆ ದುಡ್ಡಿನಿಂದ ಅಲ್ಲಿಗೆ ಒಂದಷ್ಟು ಯಂತ್ರ, ಔಷಧಿ ಸೇರುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಅಪ್ಪನನ್ನು ಕರೆದುಕೊಂಡು ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಗೆ ಬೆಳಿಗ್ಗೆ ಬೇಗ ಹೋಗಿ. ಅಪ್ಪ ಜೊತೆಗಿಲ್ಲದೆ ಬರೀ ಫೈಲ್ ತೋರಿಸಿ ಚೀಟಿ ಕೇಳಬೇಡಿ, ರೋಗಿಯನ್ನು ನೋಡದೆ ಡಾಕ್ಟರು ಬರೆಯುವುದಿಲ್ಲ, ಬರೆಯಲೂಬಾರದು. ರೇಷನ್ ಕಾರ್ಡ್, ಆಧಾರ್, ಇಸಿಜಿ, ಟ್ರೆಡ್‌ಮಿಲ್ ವರದಿ, ಖಾಸಗಿ ಡಾಕ್ಟರು ಬರೆದ ಚೀಟಿ, ಎಲ್ಲದರ ಝೆರಾಕ್ಸ್ ಎರಡೆರಡು ಇರಲಿ. ಫಿಸಿಷಿಯನ್ ಹತ್ತಿರ ತೋರಿಸಿ. ಹೃದಯದ ಸ್ಟೆಂಟ್ ಹಾಕುವ ಸೌಲಭ್ಯ ತಾಲೂಕು ಆಸ್ಪತ್ರೆಯಲ್ಲಿ ಇರುವುದಿಲ್ಲ. ಹಾಗಾಗಿ ಅವರು ರೆಫರಲ್ ಕೊಡುತ್ತಾರೆ. ಯಾವ ಆಸ್ಪತ್ರೆಗೆ ಹೋದರೆ ನಿಮಗೆ ಅನುಕೂಲ ಅನ್ನೋದನ್ನು ಚೀಟಿ ಬರೆಯುವ ಮುಂಚೆಯೇ ಹೇಳಿ. ಆ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ, ಮುಖ್ಯವಾಗಿ ಹೃದ್ರೋಗ ವಿಭಾಗಕ್ಕೆ ನೋಂದಣಿ ಆಗಿದೆಯಾ ಅಂತ 14555ಕ್ಕೋ 104ಕ್ಕೋ ಫೋನ್ ಮಾಡಿ ಕೇಳಿಕೊಂಡಿರಿ. ಒಂದು ಆಸ್ಪತ್ರೆ ಕಣ್ಣಿಗೆ ಮಾತ್ರ, ಮೂಳೆಗೆ ಮಾತ್ರ ಅಂತ ನೋಂದಾಯಿಸಿಕೊಂಡಿರಬಹುದು. ಬಾಗಿಲಲ್ಲಿ ಬೋರ್ಡ್ ಇದ್ದ ಮಾತ್ರಕ್ಕೆ ಎಲ್ಲ ಕಾಯಿಲೆಗೂ ಅನ್ವಯ ಅಂತಲ್ಲ.

ಇನ್ನೊಂದು ದಾರಿಯೂ ಇದೆ, ನನ್ನನ್ನು ಕೇಳಿದರೆ ನಿಮಗೆ ಅದೇ ಒಳ್ಳೆಯದು. ಚೀಟಿಯ ಗೊಡವೆ ಬೇಡ ಅಂದರೆ ನೇರವಾಗಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ. ನಿಮಗೆ ಹುಬ್ಬಳ್ಳಿ ದೂರ ಅಲ್ಲ. ಜನ ಕಿಮ್ಸ್ ಅಂತ ಕರೆಯುವ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗ ಇದೆ. ನೀವು ಇರುವ ಕಡೆಗೇ ಅಪ್ಪನನ್ನು ಕರೆಸಿಕೊಳ್ಳುವುದಾದರೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಅಲ್ಲಿ ಜನಜಂಗುಳಿ ಜಾಸ್ತಿ, ಕಾಯಬೇಕಾಗುತ್ತದೆ. ಆದರೆ ದಿನಕ್ಕೆ ಅಷ್ಟೊಂದು ಸ್ಟೆಂಟ್ ಹಾಕುವ ಕೈಗಳು ಪಳಗಿರುತ್ತವೆ. ಈ ಕೆಲಸದಲ್ಲಿ ಪಳಗಿದ ಕೈ ಅನ್ನೋದು ಸಣ್ಣ ವಿಷಯ ಅಲ್ಲ.

ಈಗ ನಿಜವಾದ ಅಪಾಯದ ಜಾಗಕ್ಕೆ ಬರುತ್ತೇನೆ. ಖಾಸಗಿಗೆ ಹೋದರೆ ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಆಂಜಿಯೋಗ್ರಾಂ ಮಾಡುವ ಕೋಣೆಯ ಹೊರಗೆ ಒಂದು ಬೆಂಚು ಇರುತ್ತದೆ. ಮನೆಯವರು ಅಲ್ಲಿ ಕೂತಿರುತ್ತಾರೆ. ಒಳಗೆ ರೋಗಿ ಟೇಬಲ್ ಮೇಲೆ. ಸ್ವಲ್ಪ ಹೊತ್ತಿಗೆ ಒಬ್ಬರು ಹೊರಗೆ ಬಂದು, ಕಂಪ್ಯೂಟರ್ ಪರದೆಯ ಮೇಲೆ ಕಪ್ಪು ಬಿಳುಪಿನ ನಾಳಗಳನ್ನು ತೋರಿಸಿ, "ನೋಡಿ, ಇಲ್ಲಿ ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಿಬಿಡೋಣ್ವಾ?" ಅಂತ ಕೇಳುತ್ತಾರೆ. ಆ ಗಳಿಗೆಯಲ್ಲಿ ಬೇಡ ಅನ್ನುವ ಧೈರ್ಯ ಯಾರಿಗೆ ಇರುತ್ತದೆ ಹೇಳಿ? ಸಹಿ ಹಾಕುತ್ತಾರೆ, ಕೌಂಟರಿಗೆ ಓಡುತ್ತಾರೆ. ನಾನು ತಾಲೂಕು ಆಸ್ಪತ್ರೆಯಲ್ಲಿದ್ದಾಗ ಒಬ್ಬ ತಾಯಿ ನನ್ನ ಟೇಬಲ್ ಮೇಲೆ ಪ್ಲಾಸ್ಟಿಕ್ ಚೀಲ ಸುರಿದರು. ಒಳಗೆ ಬಿಲ್ಲು, ರಸೀದಿ, ಸಹಕಾರಿ ಸಂಘದಲ್ಲಿ ಓಲೆ, ಸರ ಒತ್ತೆ ಇಟ್ಟ ಚೀಟಿ. ಎಲ್ಲದರ ನಡುವೆ, ಮಡಿಕೆ ಕೂಡ ಬಿಚ್ಚದ ಆಯುಷ್ಮಾನ್ ಕಾರ್ಡ್. "ಕಾರ್ಡ್ ಇದೆಯಲ್ಲ ಸಾರ್, ಈ ದುಡ್ಡು ವಾಪಸ್ ಬರುತ್ತಲ್ವಾ?" ಅಂತ ಕೇಳಿದರು. ಬರುವುದಿಲ್ಲ ಅಂತ ಹೇಳಬೇಕಾಯಿತು. ಎಷ್ಟು ವರ್ಷವಾದರೂ ಆ ಮುಖ ಮರೆತಿಲ್ಲ.

ಯಾಕೆ ಬರುವುದಿಲ್ಲ? ಇದು ನಾವು ದುಡ್ಡು ಕಟ್ಟಿ ಆಮೇಲೆ ಬಿಲ್ ಕೊಟ್ಟು ಪಡೆಯುವ ಇನ್ಶೂರೆನ್ಸ್ ಅಲ್ಲ. ಕರ್ನಾಟಕದಲ್ಲಿ ಇದರ ನಡುವೆ ಯಾವ ಇನ್ಶೂರೆನ್ಸ್ ಕಂಪನಿಯೂ ಇಲ್ಲ. ಸರ್ಕಾರದ್ದೇ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದೆ, ಅದೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕೊಡುತ್ತದೆ. ಆಸ್ಪತ್ರೆಯವರು ರೋಗಿಯ ವಿವರ, ರೆಫರಲ್, ವರದಿ ಎಲ್ಲ ಕಂಪ್ಯೂಟರಿನಲ್ಲಿ ಹಾಕಿ, ಇಂಥ ಚಿಕಿತ್ಸೆ ಮಾಡುತ್ತೇವೆ ಅಂತ ಮೊದಲೇ ಒಪ್ಪಿಗೆ ಕೇಳಬೇಕು. ಇದಕ್ಕೆ ಪ್ರೀ ಆಥರೈಸೇಷನ್ ಅಂತಾರೆ, ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ "ಪ್ರೀ ಆಥ್". ಪ್ರೀ ಆಥ್ ಇಲ್ಲದೆ ನೀವು ಕೈಯಿಂದ ದುಡ್ಡು ಕೊಟ್ಟು ಮಾಡಿಸಿಕೊಂಡ ಚಿಕಿತ್ಸೆ ಟ್ರಸ್ಟಿನ ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಯಾರ ಹತ್ತಿರ ಹೋದರೂ ಅದನ್ನು ಸರಿಮಾಡುವುದು ಕಷ್ಟ.

ಆದ್ದರಿಂದ ಅಡ್ಮಿಟ್ ಆಗುವ ಮುಂಚೆಯೇ ಆರೋಗ್ಯ ಮಿತ್ರರನ್ನು ಹುಡುಕಿ. ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ಈ ಕೆಲಸಕ್ಕೇ ಅಂತ ಅವರಿರುತ್ತಾರೆ. ಬಿಲ್ಲಿಂಗ್ ಕೌಂಟರಿನ ಸಾಲಿನಲ್ಲಿ ನಿಲ್ಲಬೇಡಿ, ಮೊದಲು ಅವರ ಟೇಬಲ್ಲಿಗೆ ಹೋಗಿ. ಅಪ್ಪನನ್ನು ಆಯುಷ್ಮಾನ್ ರೋಗಿ ಅಂತಲೇ ದಾಖಲು ಮಾಡಿಸಿ. ಅವರಿಗೆ ಎರಡು ಪ್ರಶ್ನೆ ಕೇಳಿ. ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಬೇಡ ಅಂತಾದರೆ ಆ ಖರ್ಚು ಯಾರದ್ದು? ಸ್ಟೆಂಟ್ ಬೇಕು ಅಂತಾದರೆ ಪ್ರೀ ಆಥ್ ಬಂದ ಮೇಲೆಯೇ ಹಾಕುತ್ತೀರಲ್ವಾ? ಮೊದಲನೆಯದನ್ನು ಯಾಕೆ ಕೇಳಬೇಕು ಅಂದರೆ, ಬರೀ ಪರೀಕ್ಷೆ ಮಾಡಿಸಿಕೊಂಡು ಬರುವುದು ಈ ಯೋಜನೆಗೆ ಸೇರುವುದಿಲ್ಲ. ಆ ದುಡ್ಡು ನಿಮ್ಮ ಕೈಯಿಂದ ಹೋಗಬಹುದು, ಸಿದ್ಧವಾಗಿರಿ. ಎರಡನೆಯದನ್ನು ಡಾಕ್ಟರಿಗೂ ಮುಖಾಮುಖಿ ಹೇಳಿ: "ಡಾಕ್ಟ್ರೇ, ನಾವು ಆಯುಷ್ಮಾನ್‌ನಲ್ಲಿ ಬಂದಿದ್ದೇವೆ, ತುರ್ತು ಇಲ್ಲದಿದ್ದರೆ ಪ್ರೀ ಆಥ್ ಬಂದ ಮೇಲೆ ಹಾಕಿ." ಅಪ್ಪನ ಹಾಗೆ ನಡೆದಾಗ ಮಾತ್ರ ನೋವು ಬರುವವರಿಗೆ ಒಪ್ಪಿಗೆ ಬರುವವರೆಗೆ ಕಾಯುವುದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ತುರ್ತು ಇದೆ ಅಂತ ಡಾಕ್ಟರೇ ಹೇಳಿದರೆ ಅದು ತುರ್ತಿನ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಬೇರೆ ದಾರಿ ಇದೆ. ಎರಡರಲ್ಲೂ ನೀವು ಕೌಂಟರಿನಲ್ಲಿ ದುಡ್ಡು ಕಟ್ಟುವ ಪ್ರಶ್ನೆ ಬರಬಾರದು.

ಪ್ಯಾಕೇಜ್ ಅಂತಾರಲ್ಲ, ಅದರೊಳಗೆ ಏನೇನು ಸೇರಿದೆ ಗೊತ್ತಿರಲಿ. ಜನರಲ್ ವಾರ್ಡಿನ ಹಾಸಿಗೆ, ನರ್ಸಿಂಗ್, ಡಾಕ್ಟರ ಫೀಸು, ಥಿಯೇಟರ್, ಔಷಧಿ, ರಕ್ತ, ಆಮ್ಲಜನಕ, ಪರೀಕ್ಷೆ, ರೋಗಿಯ ಊಟ, ದೇಹದೊಳಗೆ ಹಾಕುವ ವಸ್ತು, ಎಲ್ಲ. ಸ್ಟೆಂಟ್ ಕೂಡ ಅದರೊಳಗೇ. "ಇದು ಮಾಮೂಲಿ ಸ್ಟೆಂಟ್, ಒಳ್ಳೇದು ಬೇಕಾದರೆ ವ್ಯತ್ಯಾಸ ಕಟ್ಟಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು. ಅದಕ್ಕೂ ಮುಂಚೆ ಲಕ್ಷ ದಾಟುತ್ತಿದ್ದ, ಔಷಧಿ ಲೇಪಿಸಿದ ಸ್ಟೆಂಟ್ ಆಗ ಸುಮಾರು 30 ಸಾವಿರಕ್ಕೆ ಇಳಿಯಿತು. ಅಷ್ಟರ ಮೇಲೂ "ವ್ಯತ್ಯಾಸ" ಅಂತ ದೊಡ್ಡ ಮೊತ್ತ ಕೇಳಿದರೆ ಅದಕ್ಕೆ ಅರ್ಥ ಇಲ್ಲ. ಸ್ಪೆಷಲ್ ರೂಮ್ ಆಸೆ ಪಡಬೇಡಿ, ಅಲ್ಲಿಂದಲೇ ಹೆಚ್ಚುವರಿ ಬಿಲ್ಲಿನ ತಕರಾರು ಹುಟ್ಟುವುದು.

ಆಸ್ಪತ್ರೆಗಳ ಕಡೆಯ ಮಾತನ್ನೂ ಹೇಳಬೇಕು. ಪ್ಯಾಕೇಜ್ ದರ ಕಡಿಮೆ, ದುಡ್ಡು ತಡವಾಗಿ ಬರುತ್ತದೆ ಅನ್ನುವ ಅವರ ದೂರು ಸುಳ್ಳಲ್ಲ. ಸಣ್ಣ ಊರಿನ ನರ್ಸಿಂಗ್ ಹೋಂ ನಡೆಸುವವರು ಎಷ್ಟೋ ಜನ ಪ್ರಾಮಾಣಿಕವಾಗಿ ಹೆಣಗುತ್ತಿದ್ದಾರೆ. ದರ ಸರಿಯಾಗಬೇಕು, ದುಡ್ಡು ಹೊತ್ತಿಗೆ ಸರಿಯಾಗಿ ಸಿಗಬೇಕು. ಆದರೆ ಆ ಕೊರತೆಯನ್ನು ಸೈಕಲ್ ಅಂಗಡಿಯವರ ಜೇಬಿನಿಂದ ತುಂಬಿಸಿಕೊಳ್ಳುವುದು ತಪ್ಪು. ಅದರಲ್ಲಿ ನನಗೆ ಎರಡು ಮನಸ್ಸಿಲ್ಲ. ಯಾರಾದರೂ ದುಡ್ಡು ಕೇಳಿದರೆ ಬರೆದುಕೊಡಿ ಅನ್ನಿ, ರಸೀದಿ ಕೇಳಿ. ಬಹಳಷ್ಟು ಸಲ ಅಲ್ಲಿಗೇ ಮಾತು ನಿಲ್ಲುತ್ತದೆ. ನಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಕೂತೇ 104ಕ್ಕೆ ಫೋನ್ ಮಾಡಿ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಈ ಯೋಜನೆಯ ಸಂಯೋಜಕರು ಇರುತ್ತಾರೆ, ಅವರಿಗೆ ತಿಳಿಸಿ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಕೊಟ್ಟ ದೂರಿಗಿಂತ, ರೋಗಿ ಹಾಸಿಗೆಯ ಮೇಲಿದ್ದಾಗ ಕೊಟ್ಟ ದೂರಿಗೆ ಬೇಗ ಉತ್ತರ ಸಿಗುತ್ತದೆ.

ನಿಮ್ಮ ಮಾವನವರ ಮಾತಿಗೆ ಬರೋಣ. ಅವರಿಗೆ ಸಿಟ್ಟು ಬರಲು ಕಾರಣ ಇರಬಹುದು. ಆದರೆ ತೋರಿಕೆಗೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇದಕ್ಕೂ ಹಿಂದೆ, 2010ರಲ್ಲಿ, ಕಲಬುರಗಿ ವಿಭಾಗದಿಂದ ವಾಜಪೇಯಿ ಆರೋಗ್ಯಶ್ರೀ ಅಂತ ಒಂದು ಯೋಜನೆ ನಮ್ಮಲ್ಲಿ ಶುರುವಾಗಿತ್ತು. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗೆ ಬಿಪಿಎಲ್ ಕುಟುಂಬಗಳಿಗೆ ಉಚಿತ ಚಿಕಿತ್ಸೆ. ಯೋಜನೆ ಬಂದ ಉತ್ತರದ ಜಿಲ್ಲೆಗಳೂ ಇನ್ನೂ ಬಾರದ ದಕ್ಷಿಣದ ಜಿಲ್ಲೆಗಳೂ ಕೂಡುವ ಗಡಿಯ ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಒಂದೇ ನೆಲ, ಒಂದೇ ರೀತಿಯ ಜನ. ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ, ಆ ಕಾಯಿಲೆಗಳಿಂದಾದ ಸಾವು ಶೇ. 64ರಷ್ಟು ಕಡಿಮೆ ಇತ್ತು. 2014ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅಂದರೆ ನಿಮ್ಮಂಥ ಊರುಗಳಲ್ಲೇ, ನಿಮ್ಮ ಅಪ್ಪನಂಥವರೇ ಬದುಕಿ ಉಳಿದರು. ಈಗಿನ ಯೋಜನೆಯ ಹಿಂದೆ ಆ ಅನುಭವವೂ ಇದೆ. ಆಗಿನ ಮಿತಿ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಬೇಕಾದರೆ ಮೇಲೆ 50 ಸಾವಿರ. ಈಗ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಮನೆಯಲ್ಲಿ ಎಷ್ಟು ಜನ ಇದ್ದರೂ ಸರಿ, ಎಷ್ಟು ವಯಸ್ಸಾದರೂ ಸರಿ. ಒಬ್ಬರೇ ಪೂರ್ತಿ ಬಳಸಬಹುದು, ಹಂಚಿಕೊಂಡೂ ಬಳಸಬಹುದು. ಎಪಿಎಲ್‌ನವರಿಗೆ ಮಾತ್ರ ಪ್ಯಾಕೇಜ್ ದರದ ಶೇ. 30 ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದದ್ದು ಕೈಯಿಂದ.

ಕಾರ್ಡಿನ ಬಗ್ಗೆ ಒಂದು ಅನುಮಾನ. ನಿಮ್ಮ ಹತ್ತಿರ ಇರುವುದು ನಿಜವಾಗಿ ಆಯುಷ್ಮಾನ್ ಕಾರ್ಡೇನಾ ಅಂತ ಒಮ್ಮೆ ನೋಡಿ. 14 ಅಂಕಿಯ ನಂಬರ್ ಇದ್ದು ಆಭಾ ಅಂತ ಬರೆದಿದ್ದರೆ ಅದು ಬರೀ ಆರೋಗ್ಯದ ಗುರುತಿನ ಸಂಖ್ಯೆ. ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಸಿಗುವುದಿಲ್ಲ. ಊರೂರಲ್ಲಿ ಜನ ಅದನ್ನು ಲ್ಯಾಮಿನೇಷನ್ ಮಾಡಿಸಿ, ಇದೇ 5 ಲಕ್ಷದ ಕಾರ್ಡ್ ಅಂತ ನಂಬಿ ಇಟ್ಟುಕೊಂಡಿದ್ದಾರೆ. ಆಯುಷ್ಮಾನ್ ಕಾರ್ಡ್ ಬೇರೆ, ಅದಕ್ಕೆ ಗ್ರಾಮ ಒನ್ ಕೇಂದ್ರದಲ್ಲಿ ಆಧಾರ್ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ಪರಿಶೀಲನೆ, ಮಾಡಿಸಬೇಕು. ಅತ್ತಿಗೆಯ ಹೆಸರು ಇಲ್ಲದಿರುವುದಕ್ಕೆ ಕಾರಣ ರೇಷನ್ ಕಾರ್ಡ್. ನಮ್ಮ ರಾಜ್ಯದಲ್ಲಿ ಕುಟುಂಬದ ಪಟ್ಟಿ ಅಲ್ಲಿಂದಲೇ ಬರುವುದು. ಮೊದಲು ಅವರ ತವರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿ, ನಿಮ್ಮದಕ್ಕೆ ಸೇರಿಸಿ, ಆಮೇಲೆ ಆಯುಷ್ಮಾನ್‌ಗೆ ಹೋಗಿ. ಅಪ್ಪನ ಚಿಕಿತ್ಸೆಗೂ ಇದಕ್ಕೂ ಸಂಬಂಧ ಇಲ್ಲ, ಇದನ್ನು ಆಮೇಲೆ ಮಾಡಿದರಾಯಿತು. ಆದರೆ ಅಪ್ಪನ ಹೆಸರು ಆಧಾರಿನಲ್ಲೂ ರೇಷನ್ ಕಾರ್ಡಿನಲ್ಲೂ ಒಂದೇ ಥರ ಇದೆಯಾ ಅಂತ ಈಗಲೇ ನೋಡಿ. ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜಪ್ಪ ಅಂತಿದ್ದರೆ ಅಡ್ಮಿಟ್ ಆಗುವ ದಿನ ಪರದಾಡುತ್ತೀರಿ.

ಖಾಸಗಿ ಇನ್ಶೂರೆನ್ಸ್ ಈಗ ಮಾಡಿಸಿದರೆ ಅಪ್ಪನ ಹೃದಯಕ್ಕೆ ಉಪಯೋಗ ಇಲ್ಲ. ಮೊದಲೇ ಇರುವ ಕಾಯಿಲೆಗೆ ಕಂಪನಿಗಳು ಮೂರು ವರ್ಷದವರೆಗೆ ಕಾಯಿಸಬಹುದು. ಆಯುಷ್ಮಾನ್‌ನಲ್ಲಿ ಆ ಕಾಯುವಿಕೆ ಇಲ್ಲ, ಮೊದಲ ದಿನದಿಂದಲೇ ಎಲ್ಲ ಹಳೇ ಕಾಯಿಲೆಗೂ ಅನ್ವಯ. ಸುಮ್ನೆ ಪ್ರೀಮಿಯಂ ಕಟ್ಟಬೇಡಿ. ಆ ದುಡ್ಡು ಬೇರೆಯದಕ್ಕೆ ಬೇಕಾಗುತ್ತದೆ.

ಯಾವುದಕ್ಕೆ ಅಂದರೆ ಮಾತ್ರೆಗೆ. ಈ ಯೋಜನೆಯ ದೊಡ್ಡ ಕೊರತೆ ನನ್ನ ಪ್ರಕಾರ ಅದೇ. ಅಡ್ಮಿಟ್ ಆದರೆ ಮಾತ್ರ ಇದರ ನೆರವು. ಅಡ್ಮಿಟ್ ಆಗುವ ಮುಂಚಿನ 3 ದಿನ, ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಸೇರುತ್ತದೆ. ಹದಿನಾರನೇ ದಿನದಿಂದ ನಿಮ್ಮದು ನಿಮಗೆ. ಆದರೆ ಸ್ಟೆಂಟ್ ಹಾಕಿದವರು ರಕ್ತ ತೆಳು ಮಾಡುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಹಲವು ತಿಂಗಳು, ಎಷ್ಟೋ ಸಲ ಒಂದು ವರ್ಷ ತಪ್ಪದೆ ನುಂಗಬೇಕು. ಕೊಲೆಸ್ಟ್ರಾಲ್ ಮಾತ್ರೆ ಅದಕ್ಕಿಂತಲೂ ಜಾಸ್ತಿ ದಿನ. ದುಡ್ಡಿಲ್ಲ ಅಂತ ಎರಡನೇ ತಿಂಗಳಿಗೆ ಮಾತ್ರೆ ಬಿಟ್ಟು, ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಬಂದವರನ್ನು ನೋಡಿದ್ದೇನೆ. ಲಕ್ಷದ ಚಿಕಿತ್ಸೆ ಉಚಿತವಾಗಿ ಕೊಟ್ಟು, ಕೆಲವು ನೂರು ರೂಪಾಯಿಯ ಮಾತ್ರೆಗೆ ಕೈಬಿಡುವುದು ಸರಿಯಾದ ಲೆಕ್ಕ ಅಲ್ಲ. ಇದು ಬದಲಾಗಬೇಕು ಅಂತ ಹೋದಲ್ಲೆಲ್ಲ ಹೇಳುತ್ತಲೇ ಇದ್ದೇನೆ.

ಇಲ್ಲಿ ನಿಮ್ಮ ಇಎಸ್‌ಐ ಉಪಯೋಗಕ್ಕೆ ಬರುತ್ತದೆ. ನಿಮ್ಮ ಸಂಬಳದಿಂದ ಶೇ. 0.75, ಕಂಪನಿಯಿಂದ ಶೇ. 3.25 ಅದಕ್ಕೆ ಹೋಗುತ್ತದೆ. ನಿಮ್ಮನ್ನೇ ನೆಚ್ಚಿಕೊಂಡಿರುವ, ತಿಂಗಳ ಆದಾಯ 9 ಸಾವಿರ ಮೀರದ ಅಪ್ಪ ಅಮ್ಮ ಕೂಡ ನಿಮ್ಮ ಕುಟುಂಬದ ಲೆಕ್ಕಕ್ಕೆ ಬರುತ್ತಾರೆ. ಅಂಗಡಿಯ ಆದಾಯ ಅಷ್ಟರೊಳಗಿದ್ದರೆ ಕಂಪನಿಯ ಎಚ್‌ಆರ್‌ಗೆ ಹೇಳಿ ಅವರ ಹೆಸರು, ಫೋಟೋ ಸೇರಿಸಿಸಿ. ಇಎಸ್‌ಐನಲ್ಲಿ ಅಡ್ಮಿಟ್ ಆಗದೆಯೂ ಡಾಕ್ಟರ ಸಲಹೆ, ಔಷಧಿ ಸಿಗುತ್ತದೆ. ನಿಮ್ಮೂರಿನ ಹತ್ತಿರಕ್ಕೆ ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಸ್ಟೆಂಟಿನ ಖರ್ಚಿಗೆ ಆಯುಷ್ಮಾನ್, ತಿಂಗಳ ಮಾತ್ರೆಗೆ ಇಎಸ್‌ಐ ಅಂತ ಇಟ್ಟುಕೊಳ್ಳಿ. ಒಂದೇ ಚಿಕಿತ್ಸೆಗೆ ಎರಡೂ ಕಡೆ ಕೇಳುವಂತಿಲ್ಲ ಅಷ್ಟೇ. ಇಎಸ್‌ಐ ಕೆಲಸ ತಡವಾದರೆ ಅಲ್ಲಿಯವರೆಗೆ ಜನೌಷಧಿ ಅಂಗಡಿಯಲ್ಲಿ ತೆಗೆದುಕೊಳ್ಳಿ. ಬಿಪಿ, ಶುಗರ್ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುತ್ತದೆ. ಮಾತ್ರೆ ಮುಗಿಯುವ ಎರಡು ದಿನ ಮುಂಚೆಯೇ ತರಿಸಿಡಿ.

ಕೊನೆಗೆ ಇಸಿಜಿ ಹಾಳೆಯ ವಿಷಯ. ಅದು ಬಿಸಿ ತಾಗಿದರೆ, ದಿನ ಕಳೆದರೆ ಅಳಿಸಿಹೋಗುವ ಕಾಗದ. ಎಷ್ಟೋ ಜನ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದು ಬಿಚ್ಚಿದರೆ ಗೆರೆಯೇ ಕಾಣುವುದಿಲ್ಲ. ಇವತ್ತೇ ಅದರ ಝೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅಪ್ಪನ ಮೊದಲ ಇಸಿಜಿ ಮುಂದಿನ ಪ್ರತಿಯೊಬ್ಬ ಡಾಕ್ಟರಿಗೂ ಬೇಕಾಗುತ್ತದೆ.